ಹೊಳೆಯ ಮಟ್ಟ ಊರವರೇ ಅಳೆಯುವುದು: ನಿಮ್ಮ ಕಡೆ ಹೇಗೆ ಮಾಡುತ್ತೀರಿ?

ದಂಡೆಮನೆ

ನಮ್ಮೂರು ಚಿಕ್ಕೋಡಿ ತಾಲೂಕು. ದೂಧಗಂಗೆ ಕೃಷ್ಣೆಗೆ ಸೇರುವ ಜಾಗದಿಂದ ಸ್ವಲ್ಪ ಮೇಲೆ. ಜುಲೈ ಬಂತೆಂದರೆ ಟಿವಿಯಲ್ಲಿ ಒಂದೇ ಸುದ್ದಿ. ರಾಜಾಪುರ ಬ್ಯಾರೇಜಿನಿಂದ ಇಷ್ಟು ಕ್ಯೂಸೆಕ್, ದೂಧಗಂಗೆಯಿಂದ ಇಷ್ಟು, ಕಲ್ಲೋಳ ಹತ್ತಿರ ಒಟ್ಟು ಇಷ್ಟು ಲಕ್ಷ. ಸರಿ, ಕೇಳಿದೆವು. ಆದರೆ ಒಂದೂವರೆ ಲಕ್ಷ ಕ್ಯೂಸೆಕ್ ಅಂದರೆ ನಮ್ಮ ಕೆಳಗಿನ ಓಣಿಯ ಎಮ್ಮೆ ಬಿಚ್ಚಬೇಕೋ ಬೇಡವೋ? ಅದನ್ನು ಯಾರೂ ಹೇಳುವುದಿಲ್ಲ.

2019ರ ನೆರೆಯಲ್ಲಿ ಪೆಟ್ಟು ತಿಂದ ಮೇಲೆ ಊರವರು ಕೂತು ಒಂದು ಕೆಲಸ ಮಾಡಿದೆವು. ಹನಮಪ್ಪನ ಗುಡಿ ಹತ್ತಿರ ಹೊಳೆಗೆ ಇಳಿಯಲು ಕಲ್ಲಿನ ಮೆಟ್ಟಿಲುಗಳಿವೆ. ಒಟ್ಟು 31. ಬೇಸಿಗೆಯಲ್ಲಿ ಕೆಳಗಿನಿಂದ ಎಣಿಸಿ ಒಂದೊಂದಕ್ಕೂ ಬಿಳಿ ಬಣ್ಣದಲ್ಲಿ ನಂಬರ್ ಬರೆದೆವು. 12ಕ್ಕೆ ಹಳದಿ ಪಟ್ಟಿ. ನೀರು ಅಲ್ಲಿಗೆ ಬಂದರೆ ದಂಡೆಯ ಮೋಟರ್‌ಗಳನ್ನೆಲ್ಲ ಮೇಲೆ ತರಬೇಕು. 19ಕ್ಕೆ ಬಂದರೆ ಕೆಳಮಟ್ಟದ ಸೇತುವೆ ಮುಳುಗುತ್ತದೆ. ಆಚೆ ಊರಿನ ಹೈಸ್ಕೂಲಿಗೆ ಹೋದ ಮಕ್ಕಳನ್ನು ಅದಕ್ಕಿಂತ ಮುಂಚೆಯೇ ಕರೆಸಬೇಕು. 26ಕ್ಕೆ ಕೆಂಪು ಪಟ್ಟಿ. ಕೆಳಗಿನ ಓಣಿಯ ದನಕರು, ಮುದುಕರು, ಬಾಣಂತಿಯರು ಹೊರಡಬೇಕು. 31 ದಾಟಿದರೆ ನೀರು ಓಣಿಗೆ ಕಾಲಿಟ್ಟಂತೆ. ಅಲ್ಲಿಂದ ಮೇಲಿನ ಗುರುತೆಲ್ಲ ಲೈಟಿನ ಕಂಬಗಳ ಮೇಲೆ. ಶಾಲೆಯ ಗೋಡೆಗೆ 2005, 2019, 2021ರ ಗೆರೆ ಎಳೆದಿದ್ದೇವೆ. 2019ರದ್ದೇ ಎಲ್ಲಕ್ಕಿಂತ ಮೇಲೆ, ನನ್ನ ಎದೆಮಟ್ಟ.

ಮೆಟ್ಟಿಲು ನೋಡಲು ಇಬ್ಬಿಬ್ಬರ ಪಾಳಿ. ಹಳದಿ ದಾಟುವವರೆಗೆ ದಿನಕ್ಕೆ ಎರಡು ಸಲ, ದಾಟಿದ ಮೇಲೆ ಎರಡು ತಾಸಿಗೊಮ್ಮೆ. ರಾತ್ರಿ ಬ್ಯಾಟರಿ ಹಿಡಿದು ಹೋಗಬೇಕು. ಗುಡಿಯಲ್ಲೇ ಒಂದು ನೋಟ್‌ಬುಕ್ ನೇತು ಹಾಕಿದ್ದೇವೆ. ಹೊತ್ತು, ಮೆಟ್ಟಿಲು, ಏರುತ್ತಿದೆಯೋ ಇಳಿಯುತ್ತಿದೆಯೋ, ಸಹಿ. ಅಷ್ಟೇ.

ಬೇರೆ ಊರಲ್ಲಿ ಏನು ಮಾಡುತ್ತಾರೆ ತಿಳಿಯಬೇಕು. ನಮ್ಮದರಲ್ಲಿ ತಪ್ಪಿದ್ದರೂ ಹೇಳಿ.

ಮಲಪ್ರಭೆ ಹುಡುಗ

ಅಣ್ಣಾ, ಬೇಜಾರಾಗಬೇಡಿ. ಇದೆಲ್ಲ ಈಗ ಮೊಬೈಲ್‌ನಲ್ಲೇ ಬರುತ್ತದಲ್ಲ? ಕೇಂದ್ರ ಜಲ ಆಯೋಗದ ಫ್ಲಡ್‌ವಾಚ್ ಇಂಡಿಯಾ ಆ್ಯಪ್ 2023ರಲ್ಲೇ ಬಂದಿದೆ. ನಮ್ಮ ರಾಜ್ಯದ ವಿಕೋಪ ಉಸ್ತುವಾರಿ ಕೇಂದ್ರದವರು ಪಂಚಾಯಿತಿಗೊಂದು ಮಳೆಮಾಪಕ ಇಟ್ಟಿದ್ದಾರೆ, 15 ನಿಮಿಷಕ್ಕೊಮ್ಮೆ ಲೆಕ್ಕ ಹೋಗುತ್ತದೆ. ನಾನು ಬೆಂಗಳೂರಲ್ಲಿ ಕೂತು ಊರಿನ ಮಳೆ ನೋಡುತ್ತೇನೆ. ಮಧ್ಯರಾತ್ರಿ ಬ್ಯಾಟರಿ ಹಿಡಿದು ಮೆಟ್ಟಿಲು ಎಣಿಸುವುದು ಯಾಕೆ?

ದಂಡೆಮನೆ

ತಮ್ಮಾ, ಬೇಜಾರೇನಿಲ್ಲ. ನಾವೂ ಆ್ಯಪ್ ನೋಡುತ್ತೇವೆ. ಆದರೆ ಮೂರು ಮಾತು.

2019ರಲ್ಲಿ ಕರೆಂಟ್ ಹೋಗಿ ಎರಡನೇ ದಿನಕ್ಕೆ ಟವರೂ ಸತ್ತಿತು. ಟ್ರ್ಯಾಕ್ಟರ್ ಬ್ಯಾಟರಿಗೆ ವೈರ್ ಹಚ್ಚಿ ಫೋನ್ ಚಾರ್ಜ್ ಮಾಡಿಕೊಂಡೆವು, ಸಿಗ್ನಲ್ಲೇ ಇರಲಿಲ್ಲ.

ಎರಡನೆಯದು, ನಮ್ಮೂರಿನ ಮಳೆಗೂ ನಮ್ಮೂರಿನ ನೆರೆಗೂ ಸಂಬಂಧವೇ ಇಲ್ಲ. ಮಳೆ ಬೀಳುವುದು ಮಹಾಬಳೇಶ್ವರ, ಕೊಯ್ನಾ, ರಾಧಾನಗರಿ ಕಡೆ. ಇಲ್ಲಿ ಬಿಸಿಲು ಬಿದ್ದಿರುತ್ತದೆ, ಹೆಂಗಸರು ಶ್ಯಾವಿಗೆ ಒಣಹಾಕಿರುತ್ತಾರೆ, ಹೊಳೆ ಮಾತ್ರ ಏರುತ್ತಲೇ ಇರುತ್ತದೆ. ಕೃಷ್ಣೆ ತುಂಬಿ ಹರಿಯುವಾಗ ದೂಧಗಂಗೆಯ ನೀರಿಗೆ ಒಳಗೆ ಜಾಗ ಸಿಗುವುದಿಲ್ಲ. ಬಾಗಿಲಲ್ಲೇ ನಿಂತು ಹಿಂದಕ್ಕೆ ಒತ್ತುತ್ತದೆ. ಸದ್ದು ಇಲ್ಲ, ಸೆಳವು ಇಲ್ಲ. ಸುಮ್ನೆ ಏರುತ್ತದೆ. ಹೊಸಬರು ನೋಡಿದರೆ ಕೆರೆ ಅಂದುಕೊಳ್ಳಬೇಕು.

ಮೂರನೆಯದು, ಮುದುಕರಿಗೆ ಕ್ಯೂಸೆಕ್ ಅಂದರೆ ಅರ್ಥವಾಗುವುದಿಲ್ಲ. "24ನೇ ಮೆಟ್ಟಿಲು ಮುಳುಗಿತು" ಅಂದರೆ ನಮ್ಮ ಅವ್ವ ತಾನಾಗಿ ಎದ್ದು ಹಾಸಿಗೆ ಸುತ್ತುತ್ತಾಳೆ.

ಮಾಸ್ತರ (ನಿವೃತ್ತ)

ದಂಡೆಮನೆಯವರು ಹೇಳಿದ್ದು ಸರಿ. ಆದರೆ ಕ್ಯೂಸೆಕ್ ಕಲಿತರೆ ನಷ್ಟವಿಲ್ಲ. ಸೆಕೆಂಡಿಗೆ ಒಂದು ಘನ ಅಡಿ ನೀರು ಹರಿದರೆ ಒಂದು ಕ್ಯೂಸೆಕ್. 11,574 ಕ್ಯೂಸೆಕ್ ನೀರು ಒಂದು ಹಗಲು ಒಂದು ರಾತ್ರಿ ಹರಿದರೆ ಒಂದು ಟಿಎಂಸಿ, ಅಂದರೆ ನೂರು ಕೋಟಿ ಘನ ಅಡಿ. ಕೊಯ್ನಾ ಜಲಾಶಯಕ್ಕೆ ಹಿಡಿಯುವುದು 105 ಟಿಎಂಸಿ. ಅದರಲ್ಲಿ ಎಷ್ಟು ತುಂಬಿದೆ ಅಂತ ಜುಲೈ ಮೊದಲ ವಾರದಲ್ಲಿ ನೋಡಿಟ್ಟುಕೊಳ್ಳಿ. ಜಾಗ ಖಾಲಿ ಇದ್ದರೆ ಮೊದಲ ದೊಡ್ಡ ಮಳೆಯನ್ನು ಅದು ನುಂಗುತ್ತದೆ. ತುಂಬುತ್ತಾ ಬಂದಾಗ ಘಟ್ಟದಲ್ಲಿ ಮಳೆ ಹಿಡಿದರೆ ಬಂದದ್ದನ್ನೆಲ್ಲ ಬಿಡಲೇಬೇಕು.

ನಾನು ಸಾಂಗ್ಲಿಯ ಆಯರ್ವಿನ್ ಸೇತುವೆಯ ಲೆಕ್ಕವನ್ನೂ ಬರೆದಿಡುತ್ತೇನೆ. ಅಲ್ಲಿ 40 ಅಡಿ ಎಚ್ಚರಿಕೆ, 45 ಅಡಿ ಅಪಾಯ. 2019ರಲ್ಲಿ 57 ದಾಟಿತ್ತು. ನನ್ನ ಪುಸ್ತಕದ ಪ್ರಕಾರ ಕೊಯ್ನಾ ಗೇಟ್ ಎತ್ತಿದ ಸುದ್ದಿ ಬಂದು ಒಂದೂವರೆ ದಿನದಿಂದ ಎರಡು ದಿನಕ್ಕೆ ನಮ್ಮೂರಿಗೆ ಅದರ ಬಿಸಿ ತಟ್ಟುತ್ತದೆ. ಹೊಳೆ ಮೊದಲೇ ತುಂಬಿದ್ದರೆ ಬೇಗ. ಇದು ನಮ್ಮೂರಿನ ಲೆಕ್ಕ. ನಿಮ್ಮೂರಿಗೆ ನೀವೇ ಬರೆದು ನೋಡಬೇಕು.

ಹಳೆಯ ಮಂದಿಯ ಗುರುತುಗಳನ್ನೂ ಬಿಡಬೇಡಿ. ನಮ್ಮ ಅಜ್ಜ ನೀರಿನ ಮಟ್ಟಕ್ಕಿಂತ ಅದರ ಮೇಲೆ ತೇಲಿ ಬರುವುದನ್ನು ನೋಡುತ್ತಿದ್ದ. ಮೊದಲು ಕೆನ್ನೀರು. ಆಮೇಲೆ ನೊರೆ, ರವದಿ. ಆಮೇಲೆ ಅಂತರಗಂಗೆ. ಪಂಚಗಂಗೆಯಲ್ಲಿ ಬೇಸಿಗೆಯೆಲ್ಲ ಹಸಿರು ಚಾಪೆ ಹಾಸಿದ ಹಾಗೆ ಬೆಳೆದು ನಿಂತಿರುವ ಅಂತರಗಂಗೆ ಬುಡ ಸಮೇತ ಕಿತ್ತುಕೊಂಡು ಬಂತೆಂದರೆ ಮೇಲೆ ನಿಜವಾಗಿ ಹೊಳೆ ಎದ್ದಿದೆ ಎಂದು ಅರ್ಥ. "ಆಶ್ಲೇಷ ಮಳೆ, ಈಸಲಾರದ ಹೊಳೆ" ಎಂಬ ಗಾದೆ ಇದೆಯಲ್ಲ. 2019ರ ನೆರೆ ಬಂದದ್ದು ಸರಿಯಾಗಿ ಆಶ್ಲೇಷದಲ್ಲೇ, ಆಗಸ್ಟ್ ಮೊದಲ ಎರಡು ವಾರ. ಆದರೆ ಗಾದೆ ನಂಬಿ ಕೂತರೆ 2021ರಲ್ಲಿ ಕೆಡುತ್ತಿದ್ದೆವು. ಅದು ಪುಷ್ಯದಲ್ಲೇ ಬಂತು, ಜುಲೈ ಕೊನೆಯಲ್ಲಿ.

ಬೊಳ್ಳ ನೋಡಿದವಳು

ನಿಮ್ಮದು ಓದಿ ಹೊಟ್ಟೆಕಿಚ್ಚಾಯಿತು ಮಾರಾಯ್ರೇ. ಎರಡು ದಿನ ಸಮಯ ಸಿಗುತ್ತದಾ ನಿಮಗೆ? ನಮಗೆ ಬಂಟ್ವಾಳದಲ್ಲಿ ಸಿಗುವುದು ಕೆಲವೇ ಗಂಟೆ. ಘಟ್ಟದಲ್ಲಿ ರಾತ್ರಿ ಮಳೆ ಹೊಡೆದರೆ ಬೆಳಗ್ಗೆ ನೇತ್ರಾವತಿ ಅಂಗಡಿ ಬಾಗಿಲಲ್ಲಿ ಉಂಟು. ಉಪ್ಪಿನಂಗಡಿಯಲ್ಲಿ ಕುಮಾರಧಾರೆ, ನೇತ್ರಾವತಿ ಎರಡೂ ಉಕ್ಕಿ ದೇವಸ್ಥಾನದ ಎದುರು ಸಂಗಮ ಆಯಿತು ಅಂತ ಫೋನ್ ಬಂದರೆ ನಾವು ಕೆಳಗಿನ ಸಾಮಾನು ಅಟ್ಟಕ್ಕೆ ಹಾಕಲು ಶುರು. ಅಲ್ಲಿ ಜನ ಗಂಗಾಪೂಜೆ ಮಾಡುತ್ತಾರೆ, ಇಲ್ಲಿ ನಾವು ಅಕ್ಕಿ ಮುಡಿ ಹೊರುತ್ತೇವೆ.

ನಮ್ಮಲ್ಲಿ ಅಪಾಯದ ಮಟ್ಟ 8.5 ಮೀಟರ್. ಬಂಟ್ವಾಳ ಪೇಟೆಯ ಹಳಬರಿಗೆ ಆ ಅಂಕಿ ಹೇಳಿದರೆ ಯಾವ ಅಂಗಡಿಯ ಎಷ್ಟನೇ ಮೆಟ್ಟಿಲು ಅಂತ ಲೆಕ್ಕ ಬಾಯಲ್ಲೇ ಉಂಟು. ಅಂದರೆ ಅಣ್ಣ, ನೀವು ಬಣ್ಣದಲ್ಲಿ ಬರೆದದ್ದನ್ನು ನಮ್ಮವರು ತಲೆಯಲ್ಲಿ ಇಟ್ಟುಕೊಂಡಿದ್ದಾರೆ. ಅಪಾಯ ಏನೆಂದರೆ ಆ ತಲೆಗಳಿಗೆ ವಯಸ್ಸಾಗ್ತಾ ಉಂಟು. 1974ರ ನೆರೆ ನೋಡಿದವರು ಇನ್ನೂ ಇದ್ದಾರೆ. 1923ರ ಮಾರಿಬೊಳ್ಳದ (ಮಹಾನೆರೆಯ) ಕತೆ ನಾನು ಕೇಳಿದ್ದು ಅಜ್ಜಿಯಿಂದ, ಅವರು ಕೇಳಿದ್ದು ಅವರ ಅಮ್ಮನಿಂದ. ಹೊಸದಾಗಿ ಬಾಡಿಗೆಗೆ ಬಂದವರಿಗೆ ಯಾವುದೂ ಗೊತ್ತಿಲ್ಲ. ತಗ್ಗಿನಲ್ಲಿ ಕಾರು ನಿಲ್ಲಿಸಿ ಮಲಗುತ್ತಾರೆ.

ಹರಿಗೋಲು

ದೋಣಿ ವಿಷಯ ಯಾರೂ ಎತ್ತಲಿಲ್ಲ. ನಾವು ಅಂಬಿಗರು, ಅಥಣಿ ಕಡೆ. ನೆರೆ ಬಂದಾಗ ಹೊಳೆಗಿಂತ ಹೊಲ ಕೆಟ್ಟದ್ದು. ಹೊಳೆಯಲ್ಲಿ ಸೆಳವು ಎಲ್ಲಿದೆ ಅಂತ ಗೊತ್ತಿರುತ್ತದೆ. ಹೊಲದ ಮೇಲೆ ಹೋಗುವಾಗ ಕೆಳಗೆ ಏನಿದೆ ಕಾಣುವುದಿಲ್ಲ. ತಂತಿಬೇಲಿ, ಕಲ್ಲುಕಂಬ, ತೆರೆದ ಬಾವಿ. ಇಂಜಿನ್ ದೋಣಿ ಕಬ್ಬಿನೊಳಗೆ ಹೊಕ್ಕರೆ ಫ್ಯಾನಿಗೆ ಎಲೆ ಸುತ್ತಿ ನಿಲ್ಲುತ್ತದೆ. ರಕ್ಷಣಾ ಪಡೆಯ ಹುಡುಗರು ಬಂದಾಗ ಅವರ ದೋಣಿಯಲ್ಲಿ ಮುಂದೆ ಊರಿನವನೊಬ್ಬನನ್ನು ಕೂರಿಸಿ, ಬಾವಿ ಎಲ್ಲಿ, ಗಾಡಿದಾರಿ ಎಲ್ಲಿ ಅಂತ ಬೆರಳು ತೋರಿಸಲು.

ಇನ್ನೊಂದು, ಕರೆಂಟಿನ ತಂತಿ. ನೀರು ಎದೆಮಟ್ಟ ಬಂದಾಗ ದೋಣಿಯಲ್ಲಿ ನಿಂತವನ ತಲೆಗೆ ತಂತಿ ತಾಗುವಷ್ಟು ಹತ್ತಿರ ಇರುತ್ತದೆ. ಲೈನ್‌ಮನ್‌ಗೆ ಹೇಳಿ ಟಿಸಿ (ಟ್ರಾನ್ಸ್‌ಫಾರ್ಮರ್) ಬಂದ್ ಮಾಡಿಸಿದ ಮೇಲೆಯೇ ನಾನು ಹುಟ್ಟು ಹಾಕುವುದು. ಯಾರು ಬೈದರೂ ಸರಿ, ಕತ್ತಲಾದ ಮೇಲೆ ದೋಣಿ ಬಿಡುವುದಿಲ್ಲ. ಹೊರಡುವುದಿದ್ದರೆ ಬೆಳಕಿರುವಾಗ ಹೊರಡಿ.

ಆಶಾ ಅಕ್ಕ

ನಾನು ಮುಧೋಳ ತಾಲೂಕು, ಘಟಪ್ರಭಾ ದಂಡೆ. ನಮಗೆ ಹಿಡಕಲ್ ಡ್ಯಾಮಿನ ಗೇಟೇ ಗಡಿಯಾರ. ಎಲ್ಲರೂ ನೀರಿನ ಲೆಕ್ಕ ಬರೆದಿದ್ದೀರಿ, ಮನುಷ್ಯರ ಲೆಕ್ಕ ಯಾರು ಬರೆಯುತ್ತೀರಿ?

ನನ್ನ ಡೈರಿಯಲ್ಲಿ ಜೂನ್ ತಿಂಗಳಲ್ಲೇ ಒಂದು ಹಾಳೆ ತಯಾರಾಗುತ್ತದೆ. ಜುಲೈ, ಆಗಸ್ಟ್‌ನಲ್ಲಿ ದಿನ ತುಂಬುವ ಬಸುರಿಯರು ಎಷ್ಟು ಮಂದಿ. ಡಯಾಲಿಸಿಸ್‌ಗೆ ಹೋಗುವವರು ಯಾರು. ಸಕ್ಕರೆ ಕಾಯಿಲೆಯ ಇಂಜೆಕ್ಷನ್ ಯಾರಿಗೆ ಬೇಕು. ಹಾಸಿಗೆ ಹಿಡಿದವರು ಯಾರು, ಅವರನ್ನು ಎತ್ತಲು ಎಷ್ಟು ಜನ ಬೇಕು. ಬಸುರಿಯರನ್ನು ನೀರು ನೋಡಿ ಕಳಿಸುವುದಿಲ್ಲ, ತಾರೀಖು ನೋಡಿ ಕಳಿಸುತ್ತೇವೆ. ತವರುಮನೆ ಎತ್ತರದ ಊರಲ್ಲಿದ್ದರೆ ಅಲ್ಲಿಗೆ, ಇಲ್ಲದಿದ್ದರೆ ತಾಲೂಕು ಆಸ್ಪತ್ರೆ ಹತ್ತಿರದ ಸಂಬಂಧಿಕರ ಮನೆಗೆ.

ಹೆಂಗಸರು ಕಾಳಜಿ ಕೇಂದ್ರಕ್ಕೆ ಬರಲು ಯಾಕೆ ಹಿಂದೇಟು ಹಾಕುತ್ತಾರೆ ಗೊತ್ತಾ? ಊಟದ ಚಿಂತೆ ಅಲ್ಲ, ಬಚ್ಚಲದ ಚಿಂತೆ. ಶಾಲೆಯಲ್ಲಿ ಇನ್ನೂರು ಜನ, ಎರಡು ಪಾಯಖಾನೆ, ಒಂದಕ್ಕೆ ಚಿಲಕ ಇಲ್ಲ. ಹೋದ ಸಲ ನಮ್ಮ ಸಂಘದ ಹೆಂಗಸರು ಮಳೆಗಾಲಕ್ಕೆ ಮುಂಚೆಯೇ ಹೋಗಿ ಎರಡೂ ಬಾಗಿಲಿಗೆ ಚಿಲಕ ಹಾಕಿಸಿ, ಹಿಂದೆ ತಾಡಪತ್ರಿ ಕಟ್ಟಿ ನಾಲ್ಕು ಬಚ್ಚಲು ಮಾಡಿದರು. ಆ ವರ್ಷ ಕರೆದ ಕೂಡಲೇ ಎಲ್ಲರೂ ಬಂದರು. ನಂಬಿ, ಚಿಲಕಕ್ಕೆ ಖರ್ಚಾದದ್ದು ಅರವತ್ತು ರೂಪಾಯಿ.

ದಂಡೆಮನೆ

ಅಕ್ಕಾ, ಚಿಲಕದ ಮಾತು ನಮಗೆ ಹೊಳೆದೇ ಇರಲಿಲ್ಲ. ನಾಳೆ ಶಾಲೆಗೆ ಹೋಗಿ ನೋಡುತ್ತೇನೆ.

ಎರೆಹೊಲ

ಮೆಟ್ಟಿಲು, ಡೈರಿ ಎಲ್ಲ ಚೆನ್ನಾಗಿದೆ. ದನದ ಬಗ್ಗೆ ಒಂದೇ ಮಾತು: ಕಟ್ಟಿ ಹೋಗಬೇಡಿ. ಕರೆದೊಯ್ಯಲು ಆಗದಿದ್ದರೆ ಕಣ್ಣಿ ಬಿಚ್ಚಿ ಹೋಗಿ. ಬಿಚ್ಚಲು ಹೊತ್ತಿಲ್ಲದಿದ್ದರೆ ಕುಡಗೋಲಿನಿಂದ ಕತ್ತರಿಸಿ. ಎಮ್ಮೆ ಈಜುತ್ತದೆ, ಎತ್ತೂ ಈಜುತ್ತದೆ. ಗೂಟಕ್ಕೆ ಕಟ್ಟಿದ್ದು ಮಾತ್ರ ಈಜುವುದಿಲ್ಲ. 2019ರಲ್ಲಿ ನಮ್ಮ ದೊಡ್ಡಪ್ಪನ ಎಮ್ಮೆ ಎರಡು ದಿನ ಬಿಟ್ಟು ನಾಲ್ಕು ಕಿಲೋಮೀಟರ್ ಆಚೆ ದಿಬ್ಬದ ಮೇಲೆ ಮೆಲುಕು ಹಾಕುತ್ತಾ ನಿಂತಿತ್ತು. ಪಕ್ಕದ ಮನೆಯವರದು ಕೊಟ್ಟಿಗೆಯಲ್ಲೇ ಹೋಯಿತು.

ಮೇವಿನ ವಿಷಯ. ಕಣಕಿ ಬಣವೆಯನ್ನು ಮನೆ ಹಿಂದೆ ಒಟ್ಟುವ ಬದಲು ಈಗ ನಾವು ನಾಲ್ಕೈದು ಮನೆಯವರು ಗುಡ್ಡದ ಮೇಲೆ ಒಂದೇ ಕಡೆ ಒಟ್ಟುತ್ತೇವೆ. ದಿನಾ ಹೊರೆ ಹೊರುವುದು ಕಷ್ಟವೇ. ಆದರೆ ದನ ಅಲ್ಲಿಗೆ ಹೋದ ದಿನ ಮೇವು ಅಲ್ಲೇ ಇರುತ್ತದೆ.

ಮನೆ. ಮಣ್ಣಿನ ಗೋಡೆ ನೀರಿದ್ದಾಗ ಬೀಳುವುದಕ್ಕಿಂತ ನೀರು ಇಳಿದ ಮೇಲೆ ಜಾಸ್ತಿ ಬೀಳುತ್ತವೆ. ನಮ್ಮದೂ ಹಾಗೇ. ನೀರು ಇಳಿಯಿತು, ಕಾಳಜಿ ಕೇಂದ್ರದಿಂದ ಬಂದು ಕೆಸರು ಬಳಿದೆವು, ಬಾಗಿಲಿಗೆ ತೋರಣವನ್ನೂ ಕಟ್ಟಿದೆವು. ನಾಲ್ಕನೇ ದಿನ ಬಿಸಿಲಿಗೆ ಗೋಡೆ ಒಣಗಿ ಬಿರುಕು ಬಿಟ್ಟು, ಮಧ್ಯಾಹ್ನ ಊಟದ ಹೊತ್ತಿಗೆ ಹಿಂದಿನ ಕೋಣೆ ಕೂತುಬಿಟ್ಟಿತು. ಅವ್ವ ಕಟ್ಟೆ ಮೇಲೆ ಕೂತಿದ್ದಳು, ಉಳಿದಳು. ಆದರೆ ಪಂಚನಾಮೆಯವರು ಎರಡನೇ ದಿನವೇ ಬಂದು "ಸ್ವಲ್ಪ ಹಾನಿ" ಅಂತ ಬರೆದುಕೊಂಡು ಹೋಗಿದ್ದರು. ಪೂರ್ತಿ ಬಿದ್ದ ಮನೆಗೆ 5 ಲಕ್ಷ ಅಂತ ಘೋಷಣೆ ಆಗಿತ್ತು. ನಮಗೆ ಬಂದದ್ದು ಅದರ ಹತ್ತನೇ ಒಂದು ಪಾಲು. ಎಷ್ಟು ಸಲ ಅಲೆದೆ ಅಂತ ಕೇಳಬೇಡಿ.

ಅದಕ್ಕೇ ಹೇಳುವುದು. ಜೂನ್‌ನಲ್ಲೇ ಮನೆಯ ನಾಲ್ಕೂ ಕಡೆಯ ಫೋಟೋ ತೆಗೆದು ಬೇರೆ ಊರಿನ ಯಾರಿಗಾದರೂ ಕಳಿಸಿಡಿ. ನೀರು ಬಂದಾಗ ಒಂದು, ಇಳಿದಾಗ ಒಂದು, ಬಿದ್ದಾಗ ಒಂದು. ಉತಾರ, ಆಧಾರ್, ಬ್ಯಾಂಕ್ ಪುಸ್ತಕ ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಅಕ್ಕಿ ಡಬ್ಬಿಯಲ್ಲಿ ಇಡಬೇಡಿ, ಡಬ್ಬಿಯೇ ತೇಲಿ ಹೋಗುತ್ತದೆ. ಗ್ಯಾಸ್ ಸಿಲಿಂಡರ್ ಕೂಡ ತೇಲುತ್ತದೆ. ನಮ್ಮದು ಯಾರದೋ ಕಬ್ಬಿನ ಹೊಲದಲ್ಲಿ ಸಿಕ್ಕಿತು.

ಗಡಿನಾಡು

ಇಷ್ಟೆಲ್ಲ ಯಾಕೆ? ಆಲಮಟ್ಟಿ ಹಿನ್ನೀರಿನಿಂದಲೇ ನೆರೆ ಅಂತ ಮಹಾರಾಷ್ಟ್ರದವರು ಹೇಳುತ್ತಾರೆ. ಇನ್ನು ಡ್ಯಾಮಿನ ಮಟ್ಟವನ್ನು 519.60 ಮೀಟರ್‌ನಿಂದ 524.256ಕ್ಕೆ ಏರಿಸಿದರೆ ಏನು ಗತಿ? ಮೊದಲು ಅದನ್ನು ಚರ್ಚೆ ಮಾಡಿ.

ಮಾಸ್ತರ (ನಿವೃತ್ತ)

ಅದು ಎರಡು ಸರ್ಕಾರಗಳ ಜಗಳ, ಕೃಷ್ಣಾ ನ್ಯಾಯಮಂಡಳಿಯ 2010ರ ತೀರ್ಪಿನ ಮಾತು. ಬೇರೆ ಚರ್ಚೆ ಶುರು ಮಾಡಿ, ನಾನೂ ಬರುತ್ತೇನೆ, ನನ್ನ ಹತ್ತಿರ ನಕಾಶೆ ಇದೆ. ಇಲ್ಲಿ ಬೇಡ. ಇಲ್ಲಿ ಮೆಟ್ಟಿಲು ಎಣಿಸುವವರು ಕೂತಿದ್ದಾರೆ.

ಮಲಪ್ರಭೆ ಹುಡುಗ

ನನ್ನ ಮೊದಲ ಮಾತು ಸ್ವಲ್ಪ ಜಂಬದ ಹಾಗೆ ಬಂತು ಅನಿಸುತ್ತದೆ. ಕ್ಷಮೆ ಇರಲಿ. ಅದಕ್ಕೆ ಒಂದು ಕಾರಣವಿದೆ.

2009ರ ನೆರೆ ನೆನಪಿದೆಯಾ? ಸೆಪ್ಟೆಂಬರ್ ಕೊನೆ, ಅಕ್ಟೋಬರ್ ಶುರು. ಮಳೆಗಾಲ ಮುಗಿಯಿತು ಅಂದುಕೊಂಡಾಗ ಬಂತು. ನಮ್ಮೂರು ಪೂರ್ತಿ ನೀರಲ್ಲಿತ್ತು. ಆಮೇಲೆ ಎತ್ತರದ ಜಾಗದಲ್ಲಿ ಸರ್ಕಾರದ ಆಸರೆ ಮನೆಗಳು ಬಂದವು. ನಮಗೂ ಒಂದು. ಅಪ್ಪ ಒಂದು ರಾತ್ರಿಯೂ ಅಲ್ಲಿ ಮಲಗಲಿಲ್ಲ. ಹೊಲ ದೂರ, ದನ ಕಟ್ಟಲು ಜಾಗ ಇಲ್ಲ, ಹಗೇವು ಇಲ್ಲ, ಪಕ್ಕದಲ್ಲಿ ಯಾರೆಂದು ಗೊತ್ತಿಲ್ಲ. ಹತ್ತು ವರ್ಷ ಖಾಲಿ ಬಿಟ್ಟ. 2019ರಲ್ಲಿ ಹಳೆ ಮನೆಗೆ ಮತ್ತೆ ನೀರು. ನಾನು ಬೆಂಗಳೂರಿಂದ ಫೋನ್ ಮೇಲೆ ಫೋನ್. ಮೊಬೈಲ್ ನೋಡಿ ಹೇಳುತ್ತಿದ್ದೇನೆ, ನವಿಲುತೀರ್ಥ ಡ್ಯಾಮಿನಿಂದ ಇಷ್ಟು ಬಿಟ್ಟಿದ್ದಾರೆ, ಹೊರಡು ಅಂತ. ಅಪ್ಪ ಅಂದದ್ದು, "ಈರಪ್ಪನ ಕಟ್ಟೆ ಇನ್ನೂ ಕಾಣತೈತಿ, ನೀ ಮಲಕೋ."

ಈಗ ನಿಮ್ಮ ಮೆಟ್ಟಿಲಿನ ಕತೆ ಓದಿದ ಮೇಲೆ ತಿಳಿಯಿತು, ಅಪ್ಪನಿಗೂ ಒಂದು ಮೆಟ್ಟಿಲು ಇತ್ತು. ನಾನು ಅದರ ಭಾಷೆಯಲ್ಲಿ ಹೇಳಲಿಲ್ಲ. ಆದರೆ ಅಣ್ಣಾ, ಒಂದು ಪ್ರಶ್ನೆ. ಕಟ್ಟೆ ಕಾಣುತ್ತಿತ್ತು, ನೀರು ಮಾತ್ರ ಹಿಂದಿನ ಹಳ್ಳದಿಂದ ಬಂತು. ನಿಮ್ಮಲ್ಲಿ ಹಳ್ಳಕ್ಕೆ ಗುರುತು ಹಾಕಿದ್ದೀರಾ?

ದಂಡೆಮನೆ

ಹಾಕಿರಲಿಲ್ಲ. ನಿನ್ನ ಪ್ರಶ್ನೆ ಓದಿ ನಿನ್ನೆ ಸಂಜೆ ಹೋಗಿ ನೋಡಿದೆ. ಊರ ಹಿಂದಿನ ಹಳ್ಳದ ಮೋರಿ ನಮ್ಮ 28ನೇ ಮೆಟ್ಟಿಲಿನ ಮಟ್ಟಕ್ಕೇ ಬರುತ್ತದೆ. ಹೊಳೆ ನೀರು ಆ ಮೋರಿಯಿಂದ ಹಿಂದಕ್ಕೆ ನುಗ್ಗಿದರೆ ಸ್ಮಶಾನದ ದಾರಿ ಮೊದಲು ಕಡಿಯುತ್ತದೆ. ನಾವು ದನ ಗುಡ್ಡಕ್ಕೆ ಹೊಡೆಯುವುದು ಅದೇ ದಾರಿಯಲ್ಲಿ! ಅಂದರೆ 31ರವರೆಗೆ ಕಾಯುವಂತಿಲ್ಲ, 28ಕ್ಕೇ ದಾರಿ ಬಂದ್. ಐದು ವರ್ಷ ಬಣ್ಣ ಬಳಿದಿದ್ದೇವೆ, ಇದು ಯಾರ ಕಣ್ಣಿಗೂ ಬಿದ್ದಿರಲಿಲ್ಲ. ಮೋರಿಯ ಕಲ್ಲಿಗೂ ಕೆಂಪು ಬಳಿದು ಬಂದೆ.

ನಮ್ಮ ಸೋಲನ್ನೂ ಹೇಳಬೇಕಲ್ಲ. ಒಂದು ವರ್ಷ ಪಾಳಿಯ ಹುಡುಗರು ರಾತ್ರಿ ಎರಡಕ್ಕೆ ಗುಡಿಯ ಮೈಕಿನಲ್ಲಿ ಕೂಗಿಬಿಟ್ಟರು. "ಕೊಯ್ನಾ ಒಡೆದಿದೆ" ಅಂತ ಯಾರೋ ವಾಟ್ಸಾಪ್‌ನಲ್ಲಿ ವಿಡಿಯೋ ಹಾಕಿದ್ದರು. ಎಲ್ಲೋ ಯಾವುದೋ ದೇಶದ ನೀರು. ಆದರೆ 1967ರ ಕೊಯ್ನಾ ಭೂಕಂಪ ಕಂಡ ಮುದುಕರಿಗೆ ಆ ಒಂದು ಮಾತು ಸಾಕು. ಅರ್ಧ ಊರು ಮಳೆಯಲ್ಲಿ ಗುಡ್ಡ ಹತ್ತಿತು. ಮೆಟ್ಟಿಲು ನೋಡಿದರೆ 14. ಬೆಳಗ್ಗೆ ಜನ ಬೈದ ಬೈಗುಳ ಇಲ್ಲಿ ಬರೆಯುವಂತಿಲ್ಲ. ಅದಕ್ಕಿಂತ ಕೆಟ್ಟದ್ದು ಏನೆಂದರೆ, ಮುಂದಿನ ವಾರ ನಿಜವಾಗಿ ಏರಿದಾಗ ಅರ್ಧ ಮಂದಿ ಎದ್ದು ಬರಲಿಲ್ಲ.

ಆಮೇಲೆ ನಿಯಮ ಮಾಡಿಕೊಂಡೆವು. ಮೈಕ್ ಹಿಡಿಯುವವನು ಮೊದಲು ಮೆಟ್ಟಿಲಿನ ನಂಬರ್ ಹೇಳಬೇಕು, ನೋಡಿದ ಇಬ್ಬರ ಹೆಸರು ಹೇಳಬೇಕು, ಆಮೇಲೆ ಮಾತ್ರ ಹೊರಡಿ ಅನ್ನಬೇಕು. ನಂಬರ್ ಇಲ್ಲದ ಕೂಗಿಗೆ ಯಾರೂ ಏಳಬೇಕಾಗಿಲ್ಲ. ಮೈಕ್ ಕೆಟ್ಟರೆ ತಳವಾರನ ಡಂಗುರ ಇದೆ. ಇನ್ನೊಂದು ನಿಯಮ, ನಂಬರ್ ಜೊತೆ ಏರುವ ವೇಗ. ನೀರಂಚಿಗೆ ಒಂದು ಜಾಲಿ ಕಡ್ಡಿ ಚುಚ್ಚಿ ತಾಸು ಬಿಟ್ಟು ನೋಡುತ್ತೇವೆ. ತಾಸಿಗೆ ಎರಡು ಬೆರಳು ಏರಿದರೆ ಚಹಾ ಕುಡಿಯಲು ಹೊತ್ತಿದೆ. ತಾಸಿಗೆ ಅರ್ಧ ಮೆಟ್ಟಿಲು ಅಂದರೆ 26ಕ್ಕೆ ಕಾಯದೆ 22ಕ್ಕೇ ಎಬ್ಬಿಸುತ್ತೇವೆ.

ಕಬ್ಬಿನ ಹೊಲ

ಮೋಟರ್ ಎತ್ತಲು ನಿಮ್ಮಲ್ಲಿ ಎಷ್ಟು ಹೊತ್ತು ಹಿಡಿಯುತ್ತದೆ? ನಮ್ಮ ಕಡೆ ಪ್ರತಿಯೊಬ್ಬನೂ ತನ್ನದನ್ನೇ ಮೊದಲು ಎತ್ತಲು ಹೋಗಿ ಜಗಳ.

ದಂಡೆಮನೆ

ಒಂದಕ್ಕೆ ಮುಕ್ಕಾಲು ತಾಸು, ಜನ ಇದ್ದರೆ. ದಂಡೆಯಲ್ಲಿ 40 ಮೋಟರ್ ಇವೆ, ಊರಿಗೆಲ್ಲ ಎರಡೇ ಚೈನ್‌ಪುಲ್ಲಿ. ಮೊದಲು ನಮ್ಮಲ್ಲೂ ಜಗಳವೇ. ಈಗ ತಗ್ಗಿನಲ್ಲಿರುವುದು ಮೊದಲು ಅಂತ ಚೀಟಿ ಬರೆದು ಗುಡಿಗೆ ಅಂಟಿಸಿದ್ದೇವೆ. ನನ್ನದು 33ನೆಯದು. ಸ್ಟಾರ್ಟರ್ ಪೆಟ್ಟಿಗೆ ಮೊದಲು ಬಿಚ್ಚಿ, ಆಮೇಲೆ ಪೈಪಿನ ಬೋಲ್ಟ್. ಫುಟ್‌ವಾಲ್ ಹೋದರೆ ಹೋಗಲಿ, ಅದಕ್ಕಾಗಿ ನೀರಿಗಿಳಿಯಬೇಡಿ. ಹೊಸ ಬೋಲ್ಟಿಗೆ ಬೇಸಿಗೆಯಲ್ಲೇ ಗ್ರೀಸ್ ಹಚ್ಚಿಡಿ. ಜಂಗು ಹಿಡಿದ ಬೋಲ್ಟ್ ಬಿಚ್ಚಲು ಹೋಗಿಯೇ ಹೊತ್ತು ಹೋಗುವುದು.

ಬೊಳ್ಳ ನೋಡಿದವಳು

ನಾನು ನಮ್ಮ ಕಟ್ಟಡದ ಕಂಬಕ್ಕೆ ಗೆರೆ ಹಾಕಿಸಲು ಅಸೋಸಿಯೇಷನ್‌ಗೆ ಕೇಳಿದೆ. "ಬಾಡಿಗೆಗೆ ಬರುವವರು ಹೆದರುತ್ತಾರೆ, ಬೇಡ" ಅಂದರು. ಹಾಗಾಗಿ ಒಳಗಡೆ ಮೀಟರ್ ಬೋರ್ಡಿನ ಹಿಂದೆ ನಾನೇ ಪೆನ್ಸಿಲಿನಲ್ಲಿ ಎಳೆದಿದ್ದೇನೆ.

ದಂಡೆಮನೆ

ಇವತ್ತು ಸಂಜೆ 6: 11ನೇ ಮೆಟ್ಟಿಲು, ಎರಡು ತಾಸಿಗೆ ನಾಲ್ಕು ಬೆರಳು ಏರಿದೆ. ಅಂತರಗಂಗೆ ಬರಲು ಶುರುವಾಗಿದೆ. ಚೀಟಿಯ ಮೊದಲ ಹತ್ತು ಮೋಟರ್ ಇವತ್ತೇ ಎತ್ತುತ್ತಿದ್ದೇವೆ. ಶಾಲೆಯ ಪಾಯಖಾನೆಗೆ ಚಿಲಕ ಹಾಕಿಸಿದೆ ಅಕ್ಕಾ, ಎಂಬತ್ತು ರೂಪಾಯಿ ಆಯಿತು. ಮುಂದಿನದು ರಾತ್ರಿ 8ಕ್ಕೆ ಬರೆಯುತ್ತೇನೆ, ಸಿಗ್ನಲ್ ಇದ್ದರೆ.